ಆಟದ ಬೊಂಬೆಗೆ ಬಟ್ಟೆ ಹೊಲಿಯುವವರು

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಗಡಿಯಲ್ಲಿ ಚೀನಾದೊಡನೆ ಜಟಾಪಟಿ ನಡೆದಿದ್ದ ಕಾಲ. ಸರ್ಕಾರ ಕೊಟ್ಟ ಕಾರಣ ದೇಶದ ಭದ್ರತೆ ಮತ್ತು ಬಳಕೆದಾರರ ಮಾಹಿತಿಯ ಸುರಕ್ಷತೆ. ಬಟ್ಟೆಯ ಮಾತನ್ನು ಸರ್ಕಾರ ಎತ್ತಿರಲೇ ಇಲ್ಲ. ಆದರೆ ಅದೇ ನವೆಂಬರ್‌ನಲ್ಲಿ ಪಬ್‌ಜಿಯ ಒಡೆತನದ ಕೊರಿಯಾದ ಕಂಪನಿ ಭಾರತಕ್ಕೆಂದೇ ಹೊಸ ಆವೃತ್ತಿ ತರುವುದಾಗಿ ಹೇಳಿದಾಗ ಅದರ ಭರವಸೆಗಳ ಪಟ್ಟಿಯಲ್ಲಿ ಮೂರು ತಮಾಷೆಯ ಸಂಗತಿಗಳಿದ್ದವು. ಗುಂಡೇಟು ಬಿದ್ದಾಗ ಚಿಮ್ಮುವ ಕೆಂಪು ಹಸಿರಾಗುತ್ತದೆ. ಕಾದಾಟ ನಡೆಯುವುದು ನಿಜವಾದ ರಣರಂಗದಲ್ಲಲ್ಲ, ತರಬೇತಿಯ ಮೈದಾನದಲ್ಲಿ. ಮತ್ತು ಪಾತ್ರಗಳು ಮೊದಲಿನಿಂದಲೇ ಬಟ್ಟೆ ತೊಟ್ಟಿರುತ್ತವೆ. ಹಳೆಯ ಆಟದಲ್ಲಿ ಹೊಸ ಪಾತ್ರ ಒಳಉಡುಪಿನಲ್ಲೇ ವಿಮಾನದಿಂದ ಹಾರಬಹುದಿತ್ತು. ಅಂಗಿ ಚಡ್ಡಿಯನ್ನೂ ಬಂದೂಕಿನ ಹಾಗೆ ಮನೆಮನೆ ಹೊಕ್ಕು ಹುಡುಕಿಕೊಳ್ಳಬೇಕಿತ್ತು. 2021ರ ಜುಲೈಯಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಆಟ ಮರಳಿತು. ನೂರು ಜನ ಇಳಿದು ತೊಂಬತ್ತೊಂಬತ್ತು ಜನ ಸಾಯುವ ಲೆಕ್ಕ ಹಾಗೇ ಇತ್ತು. ಮಾನ ಮಾತ್ರ ಮುಚ್ಚಿತ್ತು.

ಯಾರೂ ಕೇಳದೆ ಕೊಟ್ಟ ಈ ಭರವಸೆ ನನಗೆ ಬಹಳ ಅರ್ಥಪೂರ್ಣವಾಗಿ ಕಂಡಿದೆ. ನಮ್ಮ ದೇಶದಲ್ಲಿ ಆಟಗಳ ಅಶ್ಲೀಲತೆಯ ಚರ್ಚೆ ಎಂದರೆ ಮೈ ಎಷ್ಟು ಕಾಣುತ್ತದೆ ಎಂದು ಗೇಣು ಹಾಕಿ ಅಳೆಯುವುದು ಎಂದು ಕಂಪನಿಗೆ ಚೆನ್ನಾಗಿ ಗೊತ್ತಿತ್ತು. ಅಳತೆಗೆ ತಕ್ಕಂತೆ ಹೊಲಿದು ಕೊಟ್ಟಿತು. ಅರ್ಧ ಶತಮಾನದ ವಿಡಿಯೊ ಗೇಮ್ ಇತಿಹಾಸವನ್ನು ನೋಡಿದರೆ ಬಟ್ಟೆಯ ಉದ್ದ ಈ ಪ್ರಶ್ನೆಯ ತೀರ ಚಿಕ್ಕ ಭಾಗ. ಕ್ಯಾಮೆರಾ ಎಲ್ಲಿದೆ, ಬಟ್ಟೆಯನ್ನು ಯಾರು ಯಾರಿಗೆ ಮಾರುತ್ತಿದ್ದಾರೆ ಎನ್ನುವುದು ದೊಡ್ಡ ಭಾಗ.

ತಮಿಳುನಾಡಿನ ತಾಳವಾಡಿ ಬೆಟ್ಟಸೀಮೆಯ ದೊಡ್ಡಗಾಜನೂರಿನಿಂದ ಈ ಪ್ರಶ್ನೆಯನ್ನು ನೋಡುವುದಕ್ಕೆ ಕಾರಣವಿದೆ. ಚಾಮರಾಜನಗರದ ಮಗ್ಗುಲಲ್ಲೇ ಇದ್ದೂ ರಾಜ್ಯ ವಿಂಗಡಣೆಯಲ್ಲಿ ಮದ್ರಾಸಿನ ಕಡೆಯೇ ಉಳಿದ ಸೀಮೆ ಇದು. ಜಿಲ್ಲಾ ಕೇಂದ್ರ ಈರೋಡಿಗೆ ಹೋಗಲು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಮನೆಮಾತು ಕನ್ನಡ, ಕಚೇರಿಯ ಮಾತು ತಮಿಳು, ಹುಡುಗರ ಕೈಯ ಆಟ ಸಿಂಗಪುರದ್ದು. 1929ರಲ್ಲಿ ಇಲ್ಲಿ ಹುಟ್ಟಿದ ಮುತ್ತುರಾಜ ಡಾ. ರಾಜ್‌ಕುಮಾರ್ ಆದರು, 2000ದ ಜುಲೈ 30ರ ರಾತ್ರಿ ಅವರನ್ನು ಕಾಡುಗಳ್ಳ ವೀರಪ್ಪನ್ ಎತ್ತಿಕೊಂಡು ಹೋದದ್ದೂ ಇಲ್ಲಿಂದಲೇ. ಹೆಣ್ಣಿನ ವೇಷ, ಹೆಣ್ಣಿನ ಉಡುಪು, ನೋಡುವ ಗಂಡಸಿನ ಕಣ್ಣು ಎಂಬ ಮೂರು ಸಂಗತಿಗಳು ಕಂಪನಿ ನಾಟಕದಿಂದ ಸಿನಿಮಾಕ್ಕೆ, ಸಿನಿಮಾದಿಂದ ಮೊಬೈಲಿಗೆ ಹೇಗೆ ದಾಟಿದವು ಎಂದು ಯೋಚಿಸಲು ಇದಕ್ಕಿಂತ ಸರಿಯಾದ ಊರು ಸಿಗುವುದು ಕಷ್ಟ.

ಟೀ ಅಂಗಡಿಯ ಜಗಲಿಯಲ್ಲಿ ಐಟಿಐ ಓದುವ ಹುಡುಗನೊಬ್ಬ ಫ್ರೀ ಫೈರ್ ಮ್ಯಾಕ್ಸ್ ಆಡುತ್ತಿದ್ದ. 2022ರ ಫೆಬ್ರವರಿಯಲ್ಲಿ ಫ್ರೀ ಫೈರ್ ನಿಷೇಧವಾದರೂ ಅದರ ಈ ಅಣ್ಣತಮ್ಮ ಉಳಿದುಕೊಂಡಿತು. ಅವನ ಪರದೆಯ ಮೇಲಿದ್ದದ್ದು ಹೆಣ್ಣು ಪಾತ್ರ. ಗುಲಾಬಿ ಕೂದಲು, ಹೊಟ್ಟೆ ಕಾಣುವ ಮೇಲಂಗಿ, ಮೊಣಕಾಲಿನವರೆಗೆ ಬೂಟು. ಹುಡುಗಿಯನ್ನೇ ಏಕೆ ಆರಿಸಿಕೊಂಡೆ ಎಂದು ಕೇಳಿದೆ.

"ಚೆಂದ್ಕಲ್ಲ ಕನಣ್ಣ. ಹುಡ್ಗಿ ಕ್ಯಾರೆಕ್ಟರ್ ಮೈ ಸಣ್ಣದಲ್ವಾ, ಗುಂಡು ತಾಗೋದು ಕಮ್ಮಿ."

ಪಕ್ಕದಲ್ಲಿದ್ದ ಗೆಳೆಯ ನಕ್ಕ. "ಬುಡಣ್ಣ, ಸುಳ್ಳೇಳ್ತಾನೆ. ಆ ಬಂಡಲ್‌ಗೆ ಎಷ್ಟು ಡೈಮಂಡ್ ಸುರ್ದವ್ನೆ ಕೇಳು."

ಬಂಡಲ್ ಎಂದರೆ ಆಟದಲ್ಲಿ ಮಾರುವ ಉಡುಪಿನ ಕಟ್ಟು, ಡೈಮಂಡ್ ಎಂದರೆ ಅದಕ್ಕೆ ಕೊಡುವ ನಾಣ್ಯ. ಹೆಣ್ಣು ಪಾತ್ರದ ಮೈ ಸಣ್ಣದು, ಏಟು ತಪ್ಪುತ್ತದೆ ಎಂಬ ನಂಬಿಕೆ ಆಟಗಾರರಲ್ಲಿ ಎಲ್ಲೆಡೆ ಇದೆ. ಆಡುವ ಗಂಡಸರಲ್ಲಿ ಸುಮಾರು ಮೂವರಲ್ಲಿ ಒಬ್ಬ ಹೆಣ್ಣು ಪಾತ್ರವನ್ನೇ ಇಷ್ಟಪಡುತ್ತಾನೆ ಎಂದು ಆಟಗಾರರ ವರ್ತನೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ನಿಕ್ ಯೀ ಅವರ ಬಳಗ ಕಂಡುಕೊಂಡಿದೆ. ನಮಗೆ ಇದು ಹೊಸದೇನಲ್ಲ. ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ದುಡಿದ ವೃತ್ತಿ ರಂಗಭೂಮಿಯಲ್ಲಿ ಗಂಡಸರು ಸೀರೆ ಉಟ್ಟು ಹೆಣ್ಣಾಗುವುದು ರೂಢಿಯೇ ಆಗಿತ್ತು. ಯಕ್ಷಗಾನದ ಸ್ತ್ರೀವೇಷ ಇವತ್ತಿಗೂ ಇದೆ. ಆ ಕಲಾವಿದ ಹೆಣ್ಣಿನ ಹಾಗೆ ಕಾಣುವುದಕ್ಕಿಂತ ಹೆಣ್ಣಿನ ಹಾಗೆ ನಡೆಯುವುದಕ್ಕೆ, ಕೂರುವುದಕ್ಕೆ ಬೆವರು ಸುರಿಸುತ್ತಿದ್ದ. ಮೊಬೈಲಿನ ಹುಡುಗನಿಗೆ ಆ ಶ್ರಮವಿಲ್ಲ. ನಡಿಗೆಯನ್ನು ಬೇರೆ ಯಾರೋ ಹೊಲಿದು ಕೊಟ್ಟಿದ್ದಾರೆ, ಸೊಂಟದ ತಿರುವು ಸಹಿತ.

ಹೊಲಿದವರ ಕಥೆಗೆ ಬರೋಣ. ಶುರುವಿನಲ್ಲಿ ಕಾಣಿಸುವಷ್ಟು ಚಿತ್ರವೇ ಇರಲಿಲ್ಲ. ಪರದೆಯಲ್ಲಿ ಹತ್ತಾರು ಚೌಕಗಳನ್ನು ಜೋಡಿಸಿ ಇದು ಮನುಷ್ಯ ಎನ್ನಬೇಕಿತ್ತು. ಅಂಥ ಕಾಲದಲ್ಲೂ, 1982ರಲ್ಲಿ, ಅಟಾರಿ ಯಂತ್ರಕ್ಕೆ 'ಕಸ್ಟರ್ಸ್ ರಿವೆಂಜ್' ಎಂಬ ಆಟ ಬಂದು ಮೂಲನಿವಾಸಿ ಹೆಣ್ಣೊಬ್ಬಳ ಮೇಲಿನ ಅತ್ಯಾಚಾರವನ್ನೇ ಗುರಿಯಾಗಿಸಿತು. ಅಮೆರಿಕದಲ್ಲಿ ಜನ ಬೀದಿಗಿಳಿದರು. ಅದು ಹೊಲಸು, ಅಷ್ಟೇ, ಅದರಲ್ಲಿ ಚರ್ಚಿಸುವಂಥದ್ದೇನಿಲ್ಲ. ಹೆಚ್ಚು ಕುತೂಹಲದ್ದು 1986ರ 'ಮೆಟ್ರಾಯ್ಡ್'. ಇಡೀ ಆಟದಲ್ಲಿ ತಲೆಯಿಂದ ಕಾಲಿನವರೆಗೆ ಕವಚ ತೊಟ್ಟ ಸೇನಾನಿ ಕೊನೆಯಲ್ಲಿ ಹೆಣ್ಣೆಂದು ತಿಳಿಯುತ್ತದೆ. ಸೇಮಸ್ ಅರಾನ್ ಆಗಿನ ಮಟ್ಟಿಗೆ ದೊಡ್ಡ ಅಚ್ಚರಿ. ಆದರೆ ಬೇಗ ಮುಗಿಸಿದ ಆಟಗಾರನಿಗೆ ಅವಳು ಕವಚವಿಲ್ಲದೆ, ಈಜುಡುಗೆಯಲ್ಲಿ ಕಾಣುತ್ತಿದ್ದಳು. ಹೆಣ್ಣಿನ ಮೈ ಬಹುಮಾನವಾದದ್ದು ಅಲ್ಲಿ. ಇವತ್ತಿನ ಡೈಮಂಡ್ ಬಂಡಲಿನ ಬೀಜ ಅಲ್ಲಿದೆ.

1991ರಲ್ಲಿ ಕ್ಯಾಪ್‌ಕಾಮ್‌ನ 'ಸ್ಟ್ರೀಟ್ ಫೈಟರ್ 2' ಚುನ್‌ಲಿಯನ್ನು ತಂದಿತು. ಎಂಟು ಕಾದಾಳುಗಳಲ್ಲಿ ಒಬ್ಬಳೇ ಹೆಣ್ಣು. ಅವಳ ಉಡುಪು ತೊಡೆಯ ತನಕ ಸೀಳಿದ್ದರೂ ಕಣ್ಣು ನಿಲ್ಲುವುದು ಆ ಭಾರೀ ಕಾಲುಗಳ ಏಟಿನ ಮೇಲೆ. ಮರುವರ್ಷ ಬಂದ 'ಫೇಟಲ್ ಫ್ಯೂರಿ 2'ರ ಮೈ ಶಿರನುಯಿ ಎಂಬ ಕಾದಾಳುವಿನ ಎದೆ, ಆಕೆ ಸುಮ್ಮನೆ ನಿಂತಾಗಲೂ ಅಲುಗುತ್ತಿತ್ತು. ಒಬ್ಬಳ ಚಲನೆ ಅವಳ ಕೆಲಸಕ್ಕೆ, ಇನ್ನೊಬ್ಬಳದು ನೋಡುವವನಿಗೆ. 1996ರ 'ಡೆಡ್ ಆರ್ ಅಲೈವ್' ಈ ಅಲುಗಾಟವನ್ನೇ ತನ್ನ ಗುರುತಾಗಿಸಿಕೊಂಡಿತು. 2003ರ ಹೊತ್ತಿಗೆ ಕಾದಾಟವನ್ನೂ ಬಿಟ್ಟು, ಅದೇ ಹುಡುಗಿಯರಿಗೆ ಬಿಕಿನಿ ತೊಡಿಸಿ ಸಮುದ್ರ ತೀರದಲ್ಲಿ ವಾಲಿಬಾಲ್ ಆಡಿಸಿತು.

ಅದೇ 1996ರಲ್ಲಿ ಇಂಗ್ಲೆಂಡಿನ ಡರ್ಬಿಯ ಕೋರ್ ಡಿಸೈನ್ ಕಂಪನಿಯಿಂದ ಲಾರಾ ಕ್ರಾಫ್ಟ್ ಬಂದಳು. ಟೋಬಿ ಗಾರ್ಡ್ ಎಂಬ ಯುವ ಕಲಾವಿದ ರೂಪಿಸಿದ ಈ ಪುರಾತತ್ತ್ವ ಸಾಹಸಿ ಕೆಲವು ನೂರು ತ್ರಿಕೋನಗಳಲ್ಲಿ ಕೆತ್ತಿದ ಚೂಪುಚೂಪು ಬೊಂಬೆ. ಆಟದೊಳಗೆ ಅವಳು ಬಹುಪಾಲು ಒಂಟಿ. ತೋಳ, ಡೈನೋಸಾರ್, ಬಾಗಿಲಿನ ಒಗಟು, ಇಷ್ಟೇ. ಆಟದ ಹೊರಗೆ, ಜಾಹೀರಾತಿನಲ್ಲಿ, ನಿಯತಕಾಲಿಕಗಳ ಮುಖಪುಟದಲ್ಲಿ ಅವಳು ಬೇರೆಯೇ ಹೆಣ್ಣು. ತನ್ನ ಸೃಷ್ಟಿಯನ್ನು ಮಾರುಕಟ್ಟೆ ವಿಭಾಗ ಬಳಸಿದ ರೀತಿ ಒಗ್ಗದ ಗಾರ್ಡ್ 1997ರಲ್ಲೇ ಕಂಪನಿ ಬಿಟ್ಟರು. 2013ರಲ್ಲಿ ಲಾರಾಳನ್ನು ಹೊಸದಾಗಿ ಕಟ್ಟಿದಾಗ ಉದ್ದ ಪ್ಯಾಂಟು ಬಂತು, ಮೈಗೆ ಗಾಯ ಬಂತು, ಕಥೆ ಬರೆಯುವ ಕುರ್ಚಿಯಲ್ಲಿ ರಿಯಾನಾ ಪ್ರಾಚೆಟ್ ಎಂಬ ಹೆಣ್ಣುಮಗಳು ಕೂತಿದ್ದರು. ಹಳೆಯ ಲಾರಾ ಕೆಟ್ಟವಳು, ಹೊಸಬಳು ಒಳ್ಳೆಯವಳು ಎಂದು ಹೇಳುವವರಿದ್ದಾರೆ. ನನಗೆ ಹಳೆಯವಳ ಹಮ್ಮೇ ಇಷ್ಟ. ಹೊಸಬಳನ್ನು ಮೊದಲ ಗಂಟೆಯಲ್ಲಿ ಬೀಳಿಸಿ, ಚುಚ್ಚಿ, ನರಳಿಸಿ ತೋರಿಸುವ ಕ್ಯಾಮೆರಾ ಕೂಡ ಒಂದು ಬಗೆಯ ಚಪಲದ ಕಣ್ಣೇ.

ನಮ್ಮ ಸಿನಿಮಾ ಚಪಲದ ಕಣ್ಣಿನ ಈ ಪಾಠವನ್ನು ಬಹಳ ಮೊದಲೇ ಓದಿತ್ತು. 1965ರ 'ಮಿಸ್ ಲೀಲಾವತಿ'ಯಲ್ಲಿ ಜಯಂತಿ ಈಜುಡುಗೆ ತೊಟ್ಟದ್ದು ಕನ್ನಡಕ್ಕೆ ಹೊಸತು. ಆ ಪಾತ್ರಕ್ಕೆ ತನ್ನದೇ ಹಟ, ತನ್ನದೇ ಕಥೆ ಇತ್ತು. ಮೂರು ವರ್ಷದ ನಂತರ ದೊರೈ–ಭಗವಾನ್ ಜೋಡಿ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿತು. 'ಗೋವಾದಲ್ಲಿ ಸಿಐಡಿ 999', 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂದವು. ಜೇಮ್ಸ್ ಬಾಂಡ್‌ನ ಮಾದರಿ ತಂದಮೇಲೆ ಬಾಂಡ್‌ನ ಹುಡುಗಿಯರನ್ನೂ ತರಬೇಕಲ್ಲ? ಆದರೆ ಅಣ್ಣಾವ್ರು ತೆರೆಯ ಮೇಲೆ ಸಿಗರೇಟಿನಿಂದಲೂ ದೂರ ಎಂದು ಹೆಸರಾದ ನಾಯಕ. ಇಂಥ ಇಕ್ಕಟ್ಟಿಗೆ ಆ ಕಾಲದ ಚಿತ್ರರಂಗ ಸುಲಭದ ದಾರಿ ಕಂಡುಕೊಂಡಿತ್ತು. ನಾಯಕ ಸೂಟಿನಲ್ಲಿ, ನಾಯಕಿ ಸೀರೆಯಲ್ಲಿ, ಖಳನ ಅಡ್ಡೆಯಲ್ಲಿ ಮಾತ್ರ ಕ್ಯಾಬರೆ. ಜ್ಯೋತಿಲಕ್ಷ್ಮಿ, ಹಲಂ, ಜಯಮಾಲಿನಿಯಂಥವರು ಒಂದು ಹಾಡಿಗೆ ಬಂದು, ಕುಣಿದು, ಕಥೆಯಿಂದ ಹೊರಟುಹೋಗುತ್ತಿದ್ದರು. ನಾಯಕನ ಮರ್ಯಾದೆ, ಟಿಕೇಟಿನ ಗಲ್ಲಾಪೆಟ್ಟಿಗೆ ಎರಡೂ ಉಳಿಯುತ್ತಿದ್ದವು. ಬೈಗುಳ ಮಾತ್ರ ಕುಣಿದವಳಿಗೆ.

ಇದೇ ವಿಂಗಡಣೆ ಆಟಗಳಲ್ಲೂ ಇದೆ ಎಂದು ಅಮೆರಿಕದ ಸಂಶೋಧಕಿ ತೆರೇಸಾ ಲಿಂಚ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದರು. 1983ರಿಂದ 2014ರವರೆಗಿನ ಆಟಗಳ ಹೆಣ್ಣು ಪಾತ್ರಗಳನ್ನು ಒಂದೊಂದಾಗಿ ಪರಿಶೀಲಿಸಿದ ಅವರಿಗೆ ಕಂಡದ್ದು: ಮೈ ತೋರಿಸುವ ಚಾಳಿ ತೊಂಬತ್ತರ ದಶಕದಲ್ಲಿ ಏರಿ ಮುಂದೆ ಇಳಿದಿದೆ, ನಾಯಕಿಯರಿಗಿಂತ ಪೋಷಕ ಪಾತ್ರಗಳ ಮೇಲೆ ಅದರ ಹೊರೆ ಹೆಚ್ಚು. ಕ್ಯಾಬರೆ ಎಂಬ ಪದ ಆ ಸಂಶೋಧಕರಿಗೆ ಬೇಕಾಗಲಿಲ್ಲ, ನಮಗೆ ಥಟ್ಟನೆ ನೆನಪಾಗುತ್ತದೆ.

ಬಟ್ಟೆಗಿಂತ ಕ್ಯಾಮೆರಾ ಮುಖ್ಯ ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ 2016ರ 'ಓವರ್‌ವಾಚ್'. ಅದರ ಟ್ರೇಸರ್ ಎಂಬ ಚಟುವಟಿಕೆಯ ಹುಡುಗಿ ಗೆದ್ದಾಗ ಬೆನ್ನು ತಿರುಗಿಸಿ, ಭುಜದ ಮೇಲಿಂದ ಹಿಂದೆ ನೋಡುವ ಒಂದು ಭಂಗಿ ಇತ್ತು. ಈ ಭಂಗಿಗೂ ಇವಳ ಸ್ವಭಾವಕ್ಕೂ ಸಂಬಂಧವೇನು ಎಂದು ಒಬ್ಬ ಆಟಗಾರ ಕೇಳಿದ. ನಿರ್ದೇಶಕ ಜೆಫ್ ಕಪ್ಲಾನ್ ಒಪ್ಪಿ ಅದನ್ನು ತೆಗೆದರು. ಸೆನ್ಸಾರ್, ಸೆನ್ಸಾರ್ ಎಂದು ದೊಡ್ಡ ಗಲಾಟೆಯಾಯಿತು. ಹಳೆಯ ಪಿನ್‌ಅಪ್ ಚಿತ್ರದ ನೆರಳಿದ್ದ ಹೊಸ ಭಂಗಿ ಬಂತು, ಜನ ಸುಮ್ಮನಾದರು. ಇಷ್ಟೆಲ್ಲ ಆಗುವಾಗ ಟ್ರೇಸರಳ ಬಟ್ಟೆ ಒಂದು ದಾರದಷ್ಟೂ ಬದಲಾಗಲಿಲ್ಲ. ಅಳತೆ ಪಟ್ಟಿ ಹಿಡಿದವರಿಗೆ ಈ ಜಗಳವೇ ಅರ್ಥವಾಗಲಾರದು.

ಇದಕ್ಕೆ ಎದುರಾಗಿ 2009ರ 'ಬಾಯೊನೆಟ್ಟಾ'. ಕೂದಲನ್ನೇ ಉಡುಪಾಗಿ ಸುತ್ತಿಕೊಂಡ ಮಾಟಗಾತಿ. ದೊಡ್ಡ ಮಂತ್ರ ಹಾಕಿದಾಗ ಕೂದಲು ಆಯುಧವಾಗಿ ಮೈ ಬಯಲಾಗುತ್ತದೆ. ಗೇಣು ಲೆಕ್ಕದಲ್ಲಿ ಇದಕ್ಕಿಂತ ಲಜ್ಜೆಗೆಟ್ಟ ಆಟವಿಲ್ಲ. ಆದರೂ ಅವಳನ್ನು ಮೆಚ್ಚುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ಅವಳನ್ನು ಬಿಡಿಸಿದ್ದು ಮಾರಿ ಶಿಮಜಾಕಿ ಎಂಬ ಕಲಾವಿದೆ ಎನ್ನುವುದಷ್ಟೇ ಇದಕ್ಕೆ ಕಾರಣವಲ್ಲ. ನೋಡುವವನನ್ನು ಗೇಲಿ ಮಾಡುವವಳು ಅವಳೇ. 2015ರ 'ಮೆಟಲ್ ಗಿಯರ್ ಸಾಲಿಡ್ 5'ರ ಕ್ವಯೆಟ್‌ಗೆ ಆ ಅವಕಾಶವಿಲ್ಲ. ಗುರಿಕಾರ್ತಿಯಾದ ಅವಳು ಯುದ್ಧಭೂಮಿಯಲ್ಲಿ ಬಿಕಿನಿಯಲ್ಲಿರುತ್ತಾಳೆ. ಕೇಳಿದರೆ ಆಕೆ ಚರ್ಮದ ಮೂಲಕ ಉಸಿರಾಡುತ್ತಾಳೆ ಎಂಬ ಸಬೂಬು. ಕಾರಣ ಗೊತ್ತಾದಾಗ ಟೀಕಿಸಿದವರೇ ನಾಚುತ್ತಾರೆಂದು ಆಟದ ನಿರ್ದೇಶಕ ಕೊಜಿಮಾ ಮೊದಲೇ ಹೇಳಿದ್ದರು. ಗೊತ್ತಾಯಿತು. ನಾಚಿಕೆಯೇನೂ ಆಗಲಿಲ್ಲ, ಮಾತೂ ಇಲ್ಲದ, ಬಟ್ಟೆಯೂ ಇಲ್ಲದ ಪಾತ್ರವೊಂದಕ್ಕೆ ಜೀವಶಾಸ್ತ್ರದ ಚೀಟಿ ಅಂಟಿಸಿದಂತಾಯಿತು, ಅಷ್ಟೇ.

ಗಂಡು ಪಾತ್ರಗಳೂ ಬರಿಮೈಯಲ್ಲಿ ಇರುತ್ತವಲ್ಲ ಎನ್ನುವುದು ಈ ಚರ್ಚೆಯ ಹಳೆಯ ಗುರಾಣಿ. 'ಗಾಡ್ ಆಫ್ ವಾರ್'ನ ಕ್ರೇಟೋಸ್ 2005ರಿಂದಲೂ ಎದೆ ಬಿಟ್ಟುಕೊಂಡೇ ಓಡಾಡಿದ. ಆದರೆ ಆ ಎದೆ ಆಡುವ ಗಂಡಸು ತಾನು ಹೀಗಿರಬೇಕು ಎಂದುಕೊಳ್ಳಲು, ಹೆಣ್ಣು ಬಯಸಲು ಅಲ್ಲ. ಹೆಣ್ಣಿನ ಬಯಕೆಗೇ ಗಂಡನ್ನು ಬಿಡಿಸಿದ ಆಟಗಳು ಬೇರೆ ಇವೆ. 2024ರ ಜನವರಿಯಲ್ಲಿ ಬಂದ ಚೀನಾದ 'ಲವ್ ಆ್ಯಂಡ್ ಡೀಪ್‌ಸ್ಪೇಸ್' ಆಡುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅಲ್ಲಿನ ಪ್ರಿಯಕರರ ಅಂಗಿಯ ಗುಂಡಿಗಳೂ ದುಡ್ಡು ಕೊಟ್ಟಷ್ಟು ಬಿಚ್ಚುತ್ತವೆ. ಬಯಕೆ ಗಂಡಸಿನ ಆಸ್ತಿಯಲ್ಲ, ಆಟದಲ್ಲಿ ಅದಕ್ಕೆ ಜಾಗವಿರಬಾರದು ಎಂದೂ ಅಲ್ಲ. ದೊಡ್ಡವರ ಆಟದಲ್ಲಿ ದೊಡ್ಡವರ ವಿಷಯ ಇರಲಿ. 2023ರ 'ಬಾಲ್ಡರ್ಸ್ ಗೇಟ್ 3' ನಗ್ನತೆ ಬೇಕೋ ಬೇಡವೋ ಎಂದು ಆಟಗಾರನಿಗೇ ಬಿಟ್ಟಿತು, ಜಗಳವಿಲ್ಲದೆ ಮುಗಿಯಿತು. ಮಕ್ಕಳಂತೆ ಕಾಣುವ ಪಾತ್ರಗಳನ್ನು ಹೀಗೆ ಬಿಡಿಸುವುದು ಮಾತ್ರ ಚರ್ಚೆಯ ವಿಷಯವೇ ಅಲ್ಲ, ಅದು ತಪ್ಪು.

ಇದೆಲ್ಲ ಆಡುವವರನ್ನು ಕೆಡಿಸುತ್ತದೆಯೇ? ಪುರಾವೆ ಒಂದೇ ಕಡೆ ವಾಲುವುದಿಲ್ಲ. ಫ್ರಾನ್ಸಿನಲ್ಲಿ 11ರಿಂದ 19 ವಯಸ್ಸಿನ 13,520 ಮಂದಿಯನ್ನು ಕೇಳಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಚ್ಚು ಆಡುವುದಕ್ಕೂ ಹೆಣ್ಣನ್ನು ಕೀಳಾಗಿ ಕಾಣುವುದಕ್ಕೂ ತೆಳುವಾದ ನಂಟು ಕಂಡಿತು. 2015ರ ಜರ್ಮನಿಯ ಅಧ್ಯಯನ ಒಂದೇ ಗುಂಪಿನ ಜನರನ್ನು ಮೂರು ವರ್ಷ ಹಿಂಬಾಲಿಸಿ ಅಂಥ ನಂಟಿಲ್ಲ ಎಂದಿತು. ಕ್ರಿಸ್ಟೋಫರ್ ಫರ್ಗುಸನ್ ಮತ್ತು ಸಂಗಡಿಗರು 2022ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ನೋಡಿದಾಗಲೂ ಹಾನಿಯ ಪುರಾವೆ ಸಿಗಲಿಲ್ಲ. ನನಗೆ ಹೆಚ್ಚು ಕಾಡಿದ್ದು ಜೆಸ್ಸಿ ಫಾಕ್ಸ್ ಮತ್ತು ಇತರರು ಸ್ಟ್ಯಾನ್‌ಫರ್ಡ್‌ನಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗ. ಅದರಲ್ಲಿದ್ದವರು ಹೆಂಗಸರೇ. ಮೈ ತೋರುವ ಉಡುಪಿನ ಪಾತ್ರವಾಗಿ ವರ್ಚುವಲ್ ರಿಯಾಲಿಟಿ ಲೋಕದೊಳಗೆ ಹೊಕ್ಕವರು ತಮ್ಮ ಮೈಯ ಬಗ್ಗೆ ಹೆಚ್ಚು ಯೋಚಿಸತೊಡಗಿದರು. ಗಂಡು ಹುಡುಗರು ಕೆಡುತ್ತಾರೆಂದೇ ನಮ್ಮ ಚಿಂತೆಯೆಲ್ಲ. ಆಡುವ ಹುಡುಗಿ ಆ ಕನ್ನಡಿಯಲ್ಲಿ ಏನು ಕಾಣುತ್ತಾಳೆ ಎಂದು ಕೇಳುವವರು ಕಡಿಮೆ.

ಬೇಲೂರಿನ ಮಾತು ಇಲ್ಲಿ ಬಂದೇ ಬರುತ್ತದೆ. ಹನ್ನೆರಡನೆಯ ಶತಮಾನದ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ತೋರಿಸಿ, ನಮ್ಮವರೇ ಕೆತ್ತಿಲ್ಲವೇ ಎಂದು ವಾದಿಸುವವರು ಸಿಗುತ್ತಾರೆ. ಕೆತ್ತಿದ್ದಾರೆ, ನಿಜ. ಆದರೆ ದರ್ಪಣ ಹಿಡಿದವಳು ತನ್ನನ್ನೇ ನೋಡಿಕೊಳ್ಳುತ್ತಾಳೆ, ಬೇಟೆಗಾರ್ತಿ ಬೇಟೆಯಲ್ಲಿದ್ದಾಳೆ, ಕೋತಿ ಸೀರೆ ಎಳೆದವಳು ಅದನ್ನು ಓಡಿಸುವ ಕೆಲಸದಲ್ಲಿದ್ದಾಳೆ. ಯಾರೂ ನಮಗಾಗಿ ತಿರುಗಿ ನಿಂತಿಲ್ಲ. ಎದುರು ಬದಿಯ ವಾದವೂ ಅಷ್ಟೇ ಅರೆಬರೆ. ದೇವದೇವತೆಗಳನ್ನೇ ಕಾದಾಳುಗಳಾಗಿಸಿದ 'ಸ್ಮೈಟ್' ಆಟದಲ್ಲಿ ಕಾಳಿಯನ್ನು ಅರೆಬತ್ತಲೆಯಾಗಿ ಬಿಡಿಸಿದ್ದನ್ನು 2012ರಲ್ಲಿ ಅಮೆರಿಕದ ಹಿಂದೂ ಮುಖಂಡ ರಾಜನ್ ಜೆಡ್ ಖಂಡಿಸಿದರು. ಕಾಳಿ ದಿಗಂಬರೆಯೇ ಹೌದು. ನಾಲಗೆ ಚಾಚಿ ಮುಂಡಮಾಲೆ ತೊಟ್ಟ ಆ ಬತ್ತಲೆಯನ್ನು ಕಂಡರೆ ಕೈ ಮುಗಿಯಬೇಕು ಇಲ್ಲವೇ ಓಡಬೇಕು. ಆಟದವರು ಭಯವನ್ನು ಒರೆಸಿ ಸೊಂಟವನ್ನು ಉಳಿಸಿಕೊಂಡರು.

ಈಗ ಅಂಗಡಿಗೆ ಬರೋಣ. ಮೊಬೈಲಿನ ದೊಡ್ಡ ಆಟಗಳು ಪುಕ್ಕಟೆ. ಲಾಭವೆಲ್ಲ ಉಡುಪಿನಲ್ಲಿ. ಹುಡುಗರ ಭಾಷೆಯಲ್ಲಿ ಅದು ಸ್ಕಿನ್. ಚರ್ಮವನ್ನೇ ಮಾರಿದ ಹಾಗೆ. ಉಡುಪು ಗುಂಡನ್ನು ತಡೆಯುವುದಿಲ್ಲ, ವೇಗ ಹೆಚ್ಚಿಸುವುದಿಲ್ಲ, ನೋಡಿಸಿಕೊಳ್ಳುವುದೇ ಅದರ ಕೆಲಸ. ಎಷ್ಟೋ ಸಲ ಅದು ನೇರ ಬೆಲೆಗೂ ಸಿಗುವುದಿಲ್ಲ, ಡೈಮಂಡ್ ಸುರಿದು ಚಕ್ರ ತಿರುಗಿಸಿದರೆ ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ಇಂಥ ಅಂಗಡಿಯಲ್ಲಿ ಕಲಾವಿದನಿಗೆ ಬರುವ ಬೇಡಿಕೆ ಕಥೆಯದಲ್ಲ. ನಿಂತಲ್ಲೇ ಕಣ್ಣು ಸೆಳೆಯಬೇಕು. ಸರ್ಕಾರಗಳು ಬಂದು ಸೆರಗು ಎಳೆದರೂ ಈ ಲೆಕ್ಕ ಬದಲಾಗುವುದಿಲ್ಲ. 2022ರ ಜನವರಿಯಲ್ಲಿ 'ಗೆನ್‌ಶಿನ್ ಇಂಪ್ಯಾಕ್ಟ್' ತನ್ನ ನಾಲ್ಕು ಹೆಣ್ಣು ಪಾತ್ರಗಳಿಗೆ ಮೈ ಮುಚ್ಚುವ ಹೊಸ ಉಡುಪು ಕೊಟ್ಟಿತು. ಚೀನಾದಲ್ಲಿ ಅದು ಕಡ್ಡಾಯ, ಉಳಿದ ಕಡೆ ಬೇಕಾದವರಿಗೆ. ಚಕ್ರ ತಿರುಗಿಸುವ ವ್ಯಾಪಾರ ಎರಡೂ ಕಡೆ ನಿರಾಳವಾಗಿ ನಡೆಯಿತು. 2024ರಲ್ಲಿ ಕೊರಿಯಾದ 'ಸ್ಟೆಲ್ಲರ್ ಬ್ಲೇಡ್'ನ ಒಂದೆರಡು ಉಡುಪುಗಳಿಗೆ ತುಸು ಬಟ್ಟೆ ಸೇರಿಸಿದ್ದಕ್ಕೆ ಆಟಗಾರರು ಸಹಿ ಸಂಗ್ರಹವನ್ನೇ ಮಾಡಿದರು. ಕೊಂಡ ಮಾಲಿನಲ್ಲಿ ತೂಕ ಕಡಿಮೆ ಎಂಬ ಗಿರಾಕಿಯ ಸಿಟ್ಟು ಅದು.

ನಮ್ಮಲ್ಲಿ ಕಾನೂನಿನ ಕಣ್ಣು ಬೇರೆ ಕಡೆ ಇದೆ. ತಮಿಳುನಾಡು 2022ರಲ್ಲಿ ಆನ್‌ಲೈನ್ ಆಟಗಳಿಗೆ ಕಾಯ್ದೆ ಮಾಡಿತು. 2025ರಲ್ಲಿ ಹಣ ಕಟ್ಟಿ ಆಡುವ ಆಟಗಳನ್ನು ನಡುರಾತ್ರಿಯಿಂದ ಬೆಳಗಿನ ಐದರವರೆಗೆ ಮುಚ್ಚಿಸುವ ನಿಯಮ ತಂದಿತು. ದೊಡ್ಡಗಾಜನೂರಿಗೂ ಆಗ ಅದೇ ನಿಯಮ ಬಂತು. ಅದು ನೋಡಿದ್ದು ದುಡ್ಡನ್ನೂ ಹೊತ್ತನ್ನೂ, ಪಾತ್ರವನ್ನಲ್ಲ. ಸಿನಿಮಾಕ್ಕಿರುವಂಥ ಪ್ರಮಾಣ ಮಂಡಳಿ ಆಟಗಳಿಗಿಲ್ಲ. ಹೆಣ್ಣಿನ ಅಸಭ್ಯ ಚಿತ್ರಣ ತಡೆಯುವ 1986ರ ಕಾಯ್ದೆ ಮತ್ತು ಐಟಿ ಕಾಯ್ದೆಯ 67ನೇ ಕಲಮು ಹೆಸರಿಗಿವೆ. ಪ್ಲೇ ಸ್ಟೋರಿನಲ್ಲಿ ಕಾಣುವ 12+, 16+ ಎಂಬ ಅಂಕಿ, ಆಟ ಮಾಡಿದವರೇ ತುಂಬಿಕೊಟ್ಟ ಪ್ರಶ್ನಾವಳಿಯಿಂದ ಹುಟ್ಟುತ್ತದೆ.

ಇನ್ನು ಜಾಹೀರಾತು. ಲೂಡೊ ಆಡುವ ಅಜ್ಜಿಯ ಫೋನಿಗೂ ಎರಡು ಸುತ್ತಿನ ನಡುವೆ ಎದೆ ಸೀಳಿನ ರಾಣಿಯೊಬ್ಬಳು ಬಂದು ಕರೆಯುತ್ತಾಳೆ. ಡೌನ್‌ಲೋಡ್ ಮಾಡಿದರೆ ಒಳಗೆ ಗೋಡೆ ಕಟ್ಟುವ, ಗೋಧಿ ಬೆಳೆಯುವ ಆಟ. 2009ರಲ್ಲಿ 'ಇವೊನಿ' ಎಂಬ ಆಟ ಈ ವರಸೆಗೆ ಕುಖ್ಯಾತವಾಗಿತ್ತು. ನಗರ ಕಟ್ಟುವ ಆಟಕ್ಕೆ ಅದು ಹಾಕಿದ್ದೆಲ್ಲ ಹೆಣ್ಣಿನ ಮೈ. ಆಟಗಳೆಂದರೆ ಹೊಲಸು ಎಂದು ನಮ್ಮೂರುಗಳ ತಾಯಂದಿರು ನಂಬಿದ್ದರೆ ಅದಕ್ಕೆ ಕಾರಣ ಮಕ್ಕಳು ಆಡುವ ಆಟಕ್ಕಿಂತ ಈ ಹದಿನೈದು ಸೆಕೆಂಡಿನ ಜಾಹೀರಾತುಗಳೇ ಇರಬೇಕು.

ಹೊಲಿಯುವ ಕೈಗಳಲ್ಲಿ ಕೆಲವು ನಮ್ಮವೂ ಹೌದು. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರ್ಯಾಕ್ಟಿವ್, ಹೊರದೇಶದ ಆಟಗಳಿಗೆ ಚಿತ್ರ, ವಾಹನ, ವಸ್ತುಗಳನ್ನು ಮಾಡಿಕೊಟ್ಟು ಬೆಳೆಯಿತು. 2019ರಲ್ಲಿ ರಾಕ್‌ಸ್ಟಾರ್ ಇಂಡಿಯಾದೊಳಗೆ ಸೇರಿತು. ಇಂಥ ಹೊರಗುತ್ತಿಗೆಯಲ್ಲಿ ಕೆಲಸ ಇಲ್ಲಿಯದು, ಸೂಚನೆ ಅಲ್ಲಿಯದು. ಕತ್ತಿನ ಆಳ ಎಷ್ಟಿರಬೇಕೆಂದು ಹೇಳುವವರು ಬೇರೆ ಖಂಡದಲ್ಲಿ ಕೂತಿರುತ್ತಾರೆ.

ಸೂಚನೆಯೂ ಇಲ್ಲಿಯದೇ ಆದಾಗ ಏನಾಗುತ್ತದೆ ಎನ್ನುವುದಕ್ಕೆ ಪುಣೆಯ ನಾಡಿಂಗ್ ಹೆಡ್ಸ್ ತಂಡದ 'ರಾಜಿ' ಇದೆ. 2020ರಲ್ಲಿ ಬಂದ ಈ ಆಟದಲ್ಲಿ ಸರ್ಕಸ್ ಹುಡುಗಿಯೊಬ್ಬಳು ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕುತ್ತಾಳೆ. ಬೆನ್ನಿಗೆ ದುರ್ಗೆಯ ಕೃಪೆ. ತಂಡವನ್ನು ಕಟ್ಟಿದವರಲ್ಲಿ ಶ್ರುತಿ ಘೋಷ್ ಎಂಬ ಕಲಾವಿದೆ ಒಬ್ಬರು. ರಾಜಿಯ ಉಡುಪು ಗೋಡೆ ಹತ್ತಲು, ಕಂಬ ಸುತ್ತಲು ಅನುವಾದದ್ದು. ಕ್ಯಾಮೆರಾ ಬಹುಪಾಲು ದೂರದಲ್ಲೇ ನಿಂತು ಕೋಟೆಯನ್ನೂ ಭಿತ್ತಿಚಿತ್ರವನ್ನೂ ತೋರಿಸುತ್ತದೆ, ಅವಳು ಅದರೊಳಗೆ ಬೆರಳುದ್ದ ಕಾಣುತ್ತಾಳೆ. ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಚೊಚ್ಚಲ ಆಟದ ಪಟ್ಟಿಗೂ ಬಂತು. ಆದರೆ ಅದು ಒಮ್ಮೆ ದುಡ್ಡು ಕೊಟ್ಟು ಕೊಳ್ಳುವ ಆಟ. ರಾಜಿಗೆ ಬಂಡಲ್ ಇಲ್ಲ, ತಿರುಗಿಸಲು ಚಕ್ರವಿಲ್ಲ. ಪುಕ್ಕಟೆ ಆಟಗಳೇ ತುಂಬಿರುವ ಫೋನುಗಳ ಈ ಸಂತೆಯಲ್ಲಿ ಅಂಥ ಆಟಕ್ಕೆ ಬಂಡವಾಳ ಹಾಕುವವರನ್ನು ಹುಡುಕುವುದು ಅಸುರರನ್ನು ಹೊಡೆಯುವುದಕ್ಕಿಂತ ಕಷ್ಟ.